ಎಷ್ಟು ರಾತ್ರಿಯ ಹಡಗು?

ಇಂದಿರಾನಗರದ ಡಿಫೆನ್ಸ್ ಕಾಲೊನಿಯ ನಿವೃತ್ತರೊಡನೆ ಕ್ರೂಸ್ ವಿಚಾರ ತೆಗೆದರೆ ಅವರು ದರ ಕೇಳುವ ಮೊದಲೇ ಇನ್ನೊಂದು ಕೇಳುತ್ತಾರೆ: “ಅಲ್ಲಿ ನಮ್ಮ ವಯಸ್ಸಿನೋರು ಇರ್ತಾರಾ, ಇಲ್ಲ ಬರೀ ಕುಣಿಯೋ ಹುಡುಗರಾ?” ಅದೇ ಬಡಾವಣೆಯ ನೂರಡಿ ರಸ್ತೆಯಲ್ಲಿ ಸಂಜೆ ಕಳೆಯುವ ಮೂವತ್ತರ ದಂಪತಿಯ ಚಿಂತೆ ತಿರುಗುಮುರುಗು: “ಹಡಗು ತುಂಬಾ ಅಜ್ಜ-ಅಜ್ಜೀರೇ ಅಂತೆ, ಹೌದಾ?” ಎರಡೂ ಬಗೆಯ ಹಡಗುಗಳಿರುವುದರಿಂದ ಇಬ್ಬರ ಅನುಮಾನವೂ ಸುಳ್ಳಲ್ಲ. ಆದರೆ ಜಾಹೀರಾತಿನ ಚಿತ್ರ ನೋಡಿ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಅಲ್ಲಿ ಎಲ್ಲ ಹಡಗಿನಲ್ಲೂ ಅದೇ ಈಜುಕೊಳ, ಅದೇ ಬಿಳಿ ಬಟ್ಟೆಯ ಜೋಡಿ, ಅದೇ ಸೂರ್ಯಾಸ್ತ.

ಹೆಚ್ಚಿನವರು ಕಂಪನಿಯ ಹೆಸರು ಹಿಡಿದು ವಿಚಾರಿಸುತ್ತಾರೆ. ಹೆಸರಿನಿಂದ ಸ್ವಲ್ಪ ತಿಳಿಯುತ್ತದೆ, ನಿಜ. ಆದರೆ ನನ್ನನ್ನು ಕೇಳಿದರೆ, ಹಡಗಿನಲ್ಲಿ ಯಾವ ವಯಸ್ಸಿನವರು ಇರುತ್ತಾರೆ ಎಂಬುದನ್ನು ಹೆಸರಿಗಿಂತ ಚೆನ್ನಾಗಿ ಹೇಳುವುದು ರಾತ್ರಿಗಳ ಸಂಖ್ಯೆ. ಎರಡು-ಮೂರು ರಾತ್ರಿಯ ಯಾನಕ್ಕೆ ಶುಕ್ರವಾರ ರಜೆ ಹಾಕಿದರೆ ಸಾಕು. ಹಾಗಾಗಿ ಅಲ್ಲಿ ಕೆಲಸಕ್ಕೆ ಹೋಗುವ ಮಂದಿ, ಸ್ನೇಹಿತರ ಗುಂಪು, ಕಂಪನಿ ಖರ್ಚಿನಲ್ಲಿ ಬಂದ ಸೇಲ್ಸ್ ತಂಡ, ಕೈಗೂಸಿನ ಹೊಸ ಸಂಸಾರ. ನಾಲ್ಕರಿಂದ ಏಳು ರಾತ್ರಿ ಎಂದರೆ ಕುಟುಂಬಗಳು, ಅದರಲ್ಲೂ ಶಾಲೆಗೆ ರಜೆಯಿದ್ದಾಗ. ಹತ್ತು ದಾಟಿದರೆ ಅಷ್ಟು ದಿನ ರಜೆಯೂ ಅಷ್ಟು ಹಣವೂ ಒಟ್ಟಿಗೆ ಇರುವವರು ಬಹುಪಾಲು ನಿವೃತ್ತರೇ. ನೂರು ರಾತ್ರಿ ಮೀರುವ ವಿಶ್ವ ಪರ್ಯಟನೆಯ ಹಡಗಿನಲ್ಲಿ ಅರುವತ್ತರವರನ್ನು ‘ಚಿಕ್ಕವರು’ ಅನ್ನುವುದುಂಟು.

ಎರಡನೆಯದು ತಾರೀಖು. ಅದೇ ಹಡಗು, ಅದೇ ದಾರಿ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳ ಗಲಾಟೆ, ಜುಲೈನ ಮಂಗಳವಾರ ಹೊರಟರೆ ನಡುವಯಸ್ಸಿನ ಶಾಂತಿ. ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್, ಹೊಸವರ್ಷ, ಈ ನಾಲ್ಕು ಸಮಯದಲ್ಲಿ ಯಾವ ಹಡಗೂ ವೃದ್ಧರ ಹಡಗಲ್ಲ. ಮೂರನೆಯದು ಹೊರಡುವ ಬಂದರು. ಮುಂಬೈನಿಂದ ವಾರಾಂತ್ಯಕ್ಕೆ ಗೋವಾಗೆ ಹೊರಟ ಹಡಗಿನ ಜನವೇ ಬೇರೆ, ಚೆನ್ನೈನಿಂದ ಶ್ರೀಲಂಕಾಕ್ಕೆ ಐದು ರಾತ್ರಿ ಹೊರಟದ್ದರ ಜನವೇ ಬೇರೆ.

ಹತ್ತಿರದ ಹಡಗು

ಬೆಂಗಳೂರಿನ ಪೂರ್ವ ಭಾಗದವರಿಗೆ ವಿಮಾನವಿಲ್ಲದೆ ಸಿಗುವುದು ಕಾರ್ಡೇಲಿಯಾ. ಐಆರ್‌ಸಿಟಿಸಿ ಜೊತೆಗೂಡಿ 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಯಾನ ಶುರು ಮಾಡಿದ ಈ ಕಂಪನಿಯ ಹಡಗು ‘ಎಂಪ್ರೆಸ್’. ಗೋವಾ, ಕೊಚ್ಚಿ, ಲಕ್ಷದ್ವೀಪ ಅದರ ಪಶ್ಚಿಮದ ದಾರಿ. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾದ ಹಂಬನ್‌ತೋಟ, ಟ್ರಿಂಕೋಮಲಿ, ಜಾಫ್ನಾ ಕಡೆಯ ಕಾಂಕೇಸನ್‌ತುರೈಗೂ ಹೋಗತೊಡಗಿತು. ಈ ಹಡಗಿನ ಹುಟ್ಟೇ ಅದರ ಸ್ವಭಾವವನ್ನು ಹೇಳುತ್ತದೆ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ರಾಯಲ್ ಕೆರಿಬಿಯನ್ ಇದನ್ನು ‘ನಾರ್ಡಿಕ್ ಎಂಪ್ರೆಸ್’ ಹೆಸರಲ್ಲಿ ಕಟ್ಟಿಸಿದ್ದು ಮಯಾಮಿಯಿಂದ ಬಹಾಮಾಸ್‌ಗೆ ಮೂರು-ನಾಲ್ಕು ರಾತ್ರಿ ಹೋಗಿಬರುವವರಿಗಾಗಿ. ಹುಟ್ಟಿನಿಂದಲೇ ಚಿಕ್ಕ ರಜೆಯ ಹಡಗು. ಕ್ಯಾಬಿನ್‌ಗಳು ಸಣ್ಣವು, ಬಾಲ್ಕನಿ ಇರುವವು ಕಡಿಮೆ, ಜನ ಹೊರಗೆ ಸೇರಿ ಸಂಭ್ರಮಿಸಲಿ ಎಂದು ಯೋಜಿಸಿದ್ದು.

ಹಾಗಾದರೆ ಹಿರಿಯರಿಗೆ ಬೇಡವೇ? ಹಾಗೇನಿಲ್ಲ. 48,563 ಟನ್ನಿನ ಎಂಪ್ರೆಸ್ ಈಗಿನ ದೈತ್ಯ ಹಡಗುಗಳ ಮುಂದೆ ಚಿಕ್ಕದು, ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವ ದೂರ ಕಡಿಮೆ. ಸಸ್ಯಾಹಾರ, ಜೈನ ಊಟ ಸಿಗುತ್ತದೆ. ಸುತ್ತಮುತ್ತ ಭಾರತೀಯ ಭಾಷೆಗಳೇ ಕೇಳುವುದರಿಂದ ಮೊದಲ ಸಲ ಹಡಗು ಹತ್ತುವ ಅಜ್ಜಿಗೆ ಅಂಜಿಕೆಯಿಲ್ಲ. ಆದರೆ ವಾರಾಂತ್ಯದ ಎರಡು ರಾತ್ರಿಯ ಯಾನ ಮದುವೆಮನೆ ಇದ್ದಹಾಗೆ: ಯಾರದೋ ಬ್ಯಾಚುಲರ್ ಪಾರ್ಟಿ, ಇನ್ನಾರದೋ ಸಂಗೀತ, ಡೆಕ್ಕಿನ ಮೇಲೆ ನಡುರಾತ್ರಿಯವರೆಗೆ ಡಿಜೆ. ಅಪ್ಪ-ಅಮ್ಮನನ್ನು ಕರೆದೊಯ್ಯುವುದಾದರೆ ವಾರದ ನಡುವೆ ಹೊರಡುವ, ಮೂರಕ್ಕಿಂತ ಹೆಚ್ಚು ರಾತ್ರಿಯ ಯಾನ ಹುಡುಕಿ. ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕ್ಯಾಬಿನ್ ಬೇಡ ಎಂದು ಏಜೆಂಟ್‌ಗೆ ಬಾಯಿಬಿಟ್ಟು ಹೇಳಿ. ನಾರ್ವೇಜಿಯನ್ ಸ್ಕೈ, ನಾರ್ವೇಜಿಯನ್ ಸನ್ ಎಂಬ ಇನ್ನೆರಡು ಹಡಗುಗಳನ್ನು ಪಡೆಯುವ ಒಪ್ಪಂದವನ್ನೂ ಕಾರ್ಡೇಲಿಯಾ 2025ರಲ್ಲಿ ಪ್ರಕಟಿಸಿದೆ. ಹಾಗಾಗಿ ಬುಕ್ ಮಾಡುವಾಗ ಯಾವ ಹಡಗು ಎಂದು ಕೇಳುವುದು ಇನ್ನು ಮೇಲೆ ಅಗತ್ಯ.

ಸಿಂಗಪುರದ ಕಟ್ಟೆ

ಸ್ವಲ್ಪ ಹೆಚ್ಚು ಖರ್ಚು ಮಾಡುವವರು ಹೋಗುವುದು ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ. ಇಲ್ಲಿ ಬೆಂಗಳೂರಿನವರು ಹೆಚ್ಚಾಗಿ ಹತ್ತುವುದು ಸ್ಟಾರ್‌ಡ್ರೀಮ್ (ಹಿಂದಿನ ರಿಸಾರ್ಟ್ಸ್ ವರ್ಲ್ಡ್) ಕಂಪನಿಯ ‘ಗೆಂಟಿಂಗ್ ಡ್ರೀಮ್’. ಎರಡರಿಂದ ಐದು ರಾತ್ರಿ, ಮಲೇಷ್ಯಾ ಅಥವಾ ಥಾಯ್ಲೆಂಡ್ ಮುಟ್ಟಿ ವಾಪಸ್. ನಮ್ಮ ಬೇಸಿಗೆ ರಜೆಯಲ್ಲಿ ಇದರಲ್ಲಿ ಭಾರತೀಯ ಕುಟುಂಬಗಳದೇ ಜಾತ್ರೆ. ಸಸ್ಯಾಹಾರಿ, ಹಲಾಲ್ ಎರಡೂ ಅಡುಗೆ ಇರುವುದರಿಂದ ಹಲಸೂರಿನ ಜೈನ ಮನೆಯವರೂ ಶಿವಾಜಿನಗರದ ಮುಸ್ಲಿಂ ಮನೆಯವರೂ ಊಟದ ಚಿಂತೆಯಿಲ್ಲದೆ ಹೋಗಿಬರಬಹುದು. ಮೂರು ತಲೆಮಾರು ಒಟ್ಟಿಗೆ ಹೊರಟ ಮನೆಗೆ ಇದು ಸುಲಭದ ಆಯ್ಕೆ. ಒಂದೇ ಎಚ್ಚರಿಕೆ: ಹಡಗು 335 ಮೀಟರ್ ಉದ್ದ. ಹಿಂಭಾಗದ ಕ್ಯಾಬಿನ್‌ನಿಂದ ಮುಂಭಾಗದ ಥಿಯೇಟರ್‌ಗೆ ಹೋಗಿ ಬಂದರೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು. ಮಂಡಿನೋವಿನ ಅಮ್ಮನಿಗೆ ದಿನಕ್ಕೆ ನಾಲ್ಕು ಸಲ ಅದನ್ನು ಮಾಡಿಸಬೇಡಿ. ಲಿಫ್ಟಿನ ಹತ್ತಿರ, ಹಡಗಿನ ನಡುಭಾಗದಲ್ಲಿ ಕ್ಯಾಬಿನ್ ಕೇಳಿ. ನಡುಭಾಗ ಅಲುಗಾಡುವುದೂ ಕಡಿಮೆ.

ರಾಯಲ್ ಕೆರಿಬಿಯನ್ ಸಿಂಗಪುರಕ್ಕೆ ಋತುವಿಗೊಂದು ದೊಡ್ಡ ಹಡಗು ಕಳಿಸುತ್ತದೆ. ಅದು ಹತ್ತು ದಾಟಿದ ಮಕ್ಕಳು, ಕಾಲೇಜು ಹುಡುಗರು, ನಲವತ್ತರ ಒಳಗಿನ ಪೋಷಕರಿಗೆ ಹೇಳಿಮಾಡಿಸಿದ್ದು. ಗೋಡೆ ಹತ್ತುವುದು, ಕೃತಕ ಅಲೆಯ ಮೇಲೆ ತೇಲುವುದು, ಸ್ಕೇಟಿಂಗ್. ಇದಾವುದೂ ಬೇಡವಾದ ಎಪ್ಪತ್ತರ ಹಿರಿಯರು ಆ ಆಟಗಳಿಗೂ ಸೇರಿಸಿ ಹಣ ಕಟ್ಟುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ.

ಡಿಸ್ನಿಯ ‘ಅಡ್ವೆಂಚರ್’ ಎಂಬ 2,08,000 ಟನ್ನಿನ, ಸುಮಾರು 6,700 ಜನ ಹಿಡಿಯುವ ಹಡಗಿಗೂ ಸಿಂಗಪುರವೇ ಮನೆ. 2025ರ ಡಿಸೆಂಬರ್‌ಗೆ ಎಂದಿದ್ದ ಮೊದಲ ಯಾನವನ್ನು 2026ರ ಮಾರ್ಚ್‌ಗೆ ಮುಂದೂಡಲಾಯಿತು. ಮೂರು-ನಾಲ್ಕು ರಾತ್ರಿಯ ಈ ಯಾನ ಯಾವ ಊರನ್ನೂ ಮುಟ್ಟುವುದಿಲ್ಲ, ಹಡಗೇ ಊರು. ನಾಲ್ಕರಿಂದ ಹನ್ನೆರಡು ವರ್ಷದ ಮಗುವಿಗೆ ಇದಕ್ಕಿಂತ ಬೇಕಿಲ್ಲ. ಮಗುವಿಲ್ಲದ ದಂಪತಿ ಮಾತ್ರ ಹಡಗು ಹೊಸದು ಎಂಬ ಒಂದೇ ಕಾರಣಕ್ಕೆ ಇದಕ್ಕೆ ದುಡ್ಡು ಸುರಿಯುವುದು ದಂಡ.

ಪಣಂಬೂರಿಗೆ ಬರುವವರು

ಶಾಂತ ಹಡಗು ಹೇಗಿರುತ್ತದೆ ಎಂದು ನೋಡಲು ಕರ್ನಾಟಕದಲ್ಲೇ ಒಂದು ಜಾಗವಿದೆ. ಮಂಗಳೂರಿನ ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಹಡಗುಗಳು ಬಂದು ನಿಲ್ಲುತ್ತವೆ. ಜರ್ಮನ್ ಕಂಪನಿಯ ‘ಯುರೋಪಾ 2’, ಓಷಿಯಾನಿಯಾ ಕಂಪನಿಯ ‘ನಾಟಿಕಾ’ ಇಲ್ಲಿಗೆ ಬಂದಿವೆ. ನಾಟಿಕಾದಲ್ಲಿ 700ಕ್ಕಿಂತ ಕಡಿಮೆ ಪ್ರಯಾಣಿಕರು. ಇಳಿದು ಕದ್ರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಸ್ಸು ಹತ್ತುವವರಲ್ಲಿ ಬಿಳಿಗೂದಲೇ ಹೆಚ್ಚು. ಈ ಬಗೆಯ ಹಡಗುಗಳಲ್ಲಿ ಡಿಜೆ ಬದಲು ಪಿಯಾನೊ, ನೀರುಜಾರುಬಂಡೆ ಬದಲು ಗ್ರಂಥಾಲಯ, ಊರಿನ ಇತಿಹಾಸದ ಮೇಲೆ ಉಪನ್ಯಾಸ. ಯಾನ ಎರಡು ವಾರ, ಮೂರು ವಾರ. ದರವೂ ಅದಕ್ಕೆ ತಕ್ಕಂತೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಗ-ಮಗಳಿರುವ, ಅಲ್ಲಿಗೆ ಹೇಗೂ ಹೋಗುವ ಬೆಂಗಳೂರಿನ ಹಿರಿಯರಿಗೆ ಇನ್ನಷ್ಟು ಬಾಗಿಲು ತೆರೆದಿವೆ. ವಯಸ್ಸಿಗೆ ಗೆರೆ ಎಳೆದಿರುವ ಕಂಪನಿಗಳೇ ಇವೆ. ಬ್ರಿಟನ್ನಿನ ಸಾಗಾ 50 ದಾಟಿದವರಿಗೆ. ಜೊತೆಗಾರರಿಗೆ ಕನಿಷ್ಠ 40. ವೈಕಿಂಗ್ ಹಡಗಿಗೆ 18ರೊಳಗಿನವರು ಹತ್ತುವಂತಿಲ್ಲ. ಪಿ ಅಂಡ್ ಒ ಕಂಪನಿ ಆರ್ಕೇಡಿಯಾ, ಅರೋರಾ ಎಂಬ ಎರಡು ಹಡಗನ್ನು ವಯಸ್ಕರಿಗೇ ಮೀಸಲಿಟ್ಟಿದೆ. ಹಾಲೆಂಡ್ ಅಮೆರಿಕ, ಕುನಾರ್ಡ್ ಮಕ್ಕಳನ್ನು ಬೇಡವೆನ್ನುವುದಿಲ್ಲ, ಆದರೆ ಅವುಗಳ ದೀರ್ಘ ಯಾನಗಳಲ್ಲಿ ಹಿರಿಯರೇ ಹೆಚ್ಚು. ಕಾರ್ನಿವಲ್ ಇದಕ್ಕೆ ತದ್ವಿರುದ್ಧ: ಚಿಕ್ಕ ಯಾನ, ಕಡಿಮೆ ದರ, ಹೆಚ್ಚು ಸದ್ದು. ಇಲ್ಲೊಂದು ಮೋಸಹೋಗುವ ಜಾಗವಿದೆ. ‘ವಯಸ್ಕರಿಗೆ ಮಾತ್ರ’ ಎಂದ ಕೂಡಲೇ ಶಾಂತ ಎಂದುಕೊಳ್ಳಬೇಡಿ. ವರ್ಜಿನ್ ವಾಯೇಜಸ್ ಕೂಡ 18 ದಾಟಿದವರಿಗೆ ಮಾತ್ರ, ಆದರೆ ಅಲ್ಲಿ ಮಕ್ಕಳಿಲ್ಲದಿರುವುದು ದೊಡ್ಡವರು ರಾತ್ರಿಯಿಡೀ ಪಾರ್ಟಿ ಮಾಡಲೆಂದು.

ಆರು ತಿಂಗಳು, 24 ವಾರ, 18, 21

ಕೆ.ಆರ್. ಪುರಂ, ಮಹದೇವಪುರ ಕಡೆಯ ಅಪಾರ್ಟ್‌ಮೆಂಟ್‌ಗಳ ಹೊಸ ತಂದೆ-ತಾಯಿಗೆ ಈ ಅಂಕಿಗಳು ಬೇಕು. ಬಹುತೇಕ ಕಂಪನಿಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ಅಥವಾ ಸತತ ಮೂರು ದಿನ ಸಮುದ್ರದಲ್ಲೇ ಇರುವ ಯಾನಕ್ಕೆ ರಾಯಲ್ ಕೆರಿಬಿಯನ್‌ನಂಥವು ಒಂದು ವರ್ಷ ತುಂಬಿರಬೇಕು ಎನ್ನುತ್ತವೆ. ಲೆಕ್ಕ ಹಿಡಿಯುವುದು ಹಡಗು ಹೊರಡುವ ದಿನಕ್ಕೆ, ಬುಕ್ ಮಾಡಿದ ದಿನಕ್ಕಲ್ಲ. ಬಸುರಿಯರಿಗೆ 24 ವಾರದ ಗಡಿ. ಯಾನ ಮುಗಿಯುವ ದಿನಕ್ಕೂ ಅಷ್ಟರೊಳಗೇ ಇರಬೇಕು, ಹೊರಡುವ ದಿನ 23 ವಾರವಿದ್ದರೆ ಸಾಕು ಎಂದುಕೊಂಡರೆ ಬಂದರಿನಲ್ಲೇ ನಿಲ್ಲಿಸಬಹುದು.

ಮಕ್ಕಳ ಕ್ಲಬ್ ಸಾಮಾನ್ಯವಾಗಿ ಮೂರು ವರ್ಷದಿಂದ, ಅದೂ ಡಯಾಪರ್ ಬಿಟ್ಟ ಮಗುವಿಗೆ. ಅದಕ್ಕಿಂತ ಚಿಕ್ಕವರಿಗೆ ಡಿಸ್ನಿ, ರಾಯಲ್ ಕೆರಿಬಿಯನ್‌ನ ಹಲವು ಹಡಗುಗಳಲ್ಲಿ ಗಂಟೆಗಿಷ್ಟೆಂದು ಹಣ ಪಡೆಯುವ ಶಿಶುಪಾಲನೆ ಇದೆ. ಡಯಾಪರ್ ಹಾಕಿದ ಕೂಸಿಗೆ ಈಜುಕೊಳಕ್ಕೆ ಪ್ರವೇಶವಿಲ್ಲ. ಎರಡು ವರ್ಷದ ಮಗುವನ್ನು ‘ನೀರಲ್ಲಾಡಲಿ’ ಎಂದು ಕರೆದೊಯ್ಯುವವರು ಇದನ್ನು ಮೊದಲೇ ತಿಳಿದಿರಲಿ. ಕಾಲೇಜು ಗೆಳೆಯರು ದೊಡ್ಡವರಿಲ್ಲದೆ ಹೊರಡುವುದಾದರೆ, ರಾಯಲ್ ಕೆರಿಬಿಯನ್‌ನಲ್ಲಿ ಏಷ್ಯಾದ ಬಂದರಿನಿಂದ 18, ಉತ್ತರ ಅಮೆರಿಕದಿಂದ 21 ತುಂಬಿರಬೇಕು. ಒಂದೇ ಕಂಪನಿ, ಬಂದರು ಬದಲಾದರೆ ವಯಸ್ಸೂ ಬದಲು.

ಚರ್ಚಿಲ್ ತೋಳು

ಹಿರಿಯರ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆಯೋ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುತ್ತದೆಯೋ ಎಂಬುದನ್ನು. ಬೆಂಗಳೂರು ಕಂಟೋನ್ಮೆಂಟಿನ ಇತಿಹಾಸದಲ್ಲೇ ಇದಕ್ಕೊಂದು ಉದಾಹರಣೆ ಇದೆ. 1896ರಲ್ಲಿ ಬೆಂಗಳೂರಿಗೆ ನೇಮಕವಾಗಿ ಬಂದ ವಿನ್‌ಸ್ಟನ್ ಚರ್ಚಿಲ್ ಮುಂಬೈನ ಸಸೂನ್ ಡಾಕ್‌ನಲ್ಲಿ ಚಿಕ್ಕ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆ ಹಿಡಿದ. ಅಷ್ಟರಲ್ಲಿ ಅಲೆ ತಗ್ಗಿ ದೋಣಿ ಕೆಳಗಿಳಿಯಿತು, ಬಲಭುಜ ಕಳಚಿತು. ಆಗ ಅವನಿಗೆ 21. ಆ ತೋಳು ಜೀವನಪೂರ್ತಿ ಕಾಡಿತು, ಇಲ್ಲಿ ಪೋಲೊ ಆಡುವಾಗ ತೋಳನ್ನು ಮೈಗೆ ಬಿಗಿದುಕೊಳ್ಳುತ್ತಿದ್ದ. (ಬೆಂಗಳೂರು ಕ್ಲಬ್ಬಿಗೆ ಅವನು ಉಳಿಸಿಹೋದ 13 ರೂಪಾಯಿ ಬಾಕಿಯ ಕಥೆ ಎಲ್ಲರಿಗೂ ಗೊತ್ತು, ಈ ಭುಜದ ಕಥೆ ಕ್ರೂಸ್ ಹೊರಡುವವರಿಗೆ ಹೆಚ್ಚು ಉಪಯೋಗ.)

ಲಕ್ಷದ್ವೀಪದ ಅಗತ್ತಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ದೋಣಿಯಲ್ಲೇ ಹೋಗಬೇಕು. ಅಲೆ ಏರಿಳಿಯುವಾಗ ಹಡಗಿನಿಂದ ದೋಣಿಗೆ ಕಾಲಿಡುವುದು ಮಂಡಿ ಬದಲಿಸಿಕೊಂಡವರಿಗೆ ಸುಲಭವಲ್ಲ. ಗಾಲಿಕುರ್ಚಿಯವರನ್ನು ಸಿಬ್ಬಂದಿ ಬೇಡ ಎನ್ನಲೂಬಹುದು. ಹಾಗೆಂದು ಲಕ್ಷದ್ವೀಪದ ಯಾನವನ್ನೇ ಬಿಡಬೇಕಿಲ್ಲ: ಆ ದಿನ ಹಡಗಿನಲ್ಲೇ ಉಳಿಯಲು ಹಿರಿಯರು ಒಪ್ಪುತ್ತಾರೆಯೇ ಎಂದು ಮನೆಯಲ್ಲೇ ಮಾತಾಡಿ. ಗಾಲಿಕುರ್ಚಿ ಬೇಕಾದವರಿಗೆ ಅಗಲ ಬಾಗಿಲಿನ ಕ್ಯಾಬಿನ್‌ಗಳು ಕೆಲವೇ ಇರುತ್ತವೆ, ಬೇಗ ಮುಗಿಯುತ್ತವೆ.

ಶಿವಾಜಿನಗರದ ಹಿರಿಯರಲ್ಲಿ ಹಡಗು ಎಂದರೆ ಹಜ್ ನೆನೆಯುವವರು ಈಗಲೂ ಇದ್ದಾರೆ. 1995ರವರೆಗೂ ಮುಂಬೈನಿಂದ ಹಜ್‌ಗೆ ಹಡಗು ಹೋಗುತ್ತಿತ್ತು. ಇಂದು ವಿಮಾನವೇ ಆದರೂ, ಹಜ್ ಸಮಿತಿಯ ಹಿರಿಯರ ವರ್ಗದಲ್ಲಿ ಹೋಗುವವರಿಗೆ ಜೊತೆಗಾರರು ಇರಲೇಬೇಕು. ಬಹುತೇಕ ಕ್ರೂಸ್ ಕಂಪನಿಗಳು ಒಂಟಿಯಾಗಿ ಹೊರಟ ಎಂಬತ್ತರವರಿಗೂ ಟಿಕೆಟ್ ಕೊಡುತ್ತವೆ. ಹಜ್‌ನ ಆ ನಿಯಮವನ್ನು ಮನೆಯವರೇ ಹಾಕಿಕೊಂಡರೆ ಒಳ್ಳೆಯದು.

ಔಷಧ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲಿ ಒಪ್ಪಿಸಿದರೆ ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ, ಕೆಲವೊಮ್ಮೆ ರಾತ್ರಿ. ಸಕ್ಕರೆ ಕಾಯಿಲೆಯವರು ಅಷ್ಟು ಹೊತ್ತು ಕಾಯಲಾಗದು. ಸಿಂಗಪುರಕ್ಕೆ ಹೋಗುವವರು ವೈದ್ಯರ ಚೀಟಿ ಇಟ್ಟುಕೊಳ್ಳಬೇಕು; ಕೆಲವು ನಿದ್ರೆ ಮಾತ್ರೆ, ಬಲವಾದ ನೋವುನಿವಾರಕಗಳಿಗೆ ಅಲ್ಲಿ ಮುಂಗಡ ಅನುಮತಿ ಬೇಕಾಗಬಹುದು. ಹಡಗಿನಲ್ಲಿ ವೈದ್ಯರಿರುತ್ತಾರೆ, ಬಿಲ್ ದುಬಾರಿ, ನೇರ ನಿಮ್ಮ ಕ್ಯಾಬಿನ್ ಖಾತೆಗೆ. ಊರಿನ ಮೆಡಿಕ್ಲೇಮ್ ಅಲ್ಲಿ ನಡೆಯುತ್ತದೆ ಎಂದು ನಂಬಬೇಡಿ. ಪ್ರಯಾಣ ವಿಮೆ ಮಾಡಿಸುವಾಗ ಮೊದಲಿನಿಂದ ಇರುವ ಬಿಪಿ, ಹೃದಯದ ತೊಂದರೆಗೆ ರಕ್ಷಣೆ ಇದೆಯೇ ಎಂಬ ಸಾಲನ್ನು ಓದಿಯೇ ಹಣ ಕಟ್ಟಿ. ಎಪ್ಪತ್ತು ದಾಟಿದ ಮೇಲೆ ಕಂತೂ ಏರುತ್ತದೆ, ಷರತ್ತೂ ಏರುತ್ತದೆ.

ಒಂಟಿಯವರ ಲೆಕ್ಕ

ಜಾಹೀರಾತಿನ ದರ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡಾಗ ತಲೆಗೆ ಬೀಳುವ ದರ. ಬಂದರು ಶುಲ್ಕ, ತೆರಿಗೆ, ದಿನಕ್ಕಿಷ್ಟೆಂಬ ಟಿಪ್ಸ್ ಸೇರಿಸಿಲ್ಲ. ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ಒಂಟಿಯಾಗಿ ಹೊರಡುವ ಹಿರಿಯರು ಹೆಚ್ಚುಕಡಿಮೆ ಇಬ್ಬರ ಹಣ ಕೊಡಬೇಕಾಗುತ್ತದೆ. ಇದಕ್ಕಿಂತ ಕ್ಲಬ್ಬಿನ, ಬಡಾವಣೆ ಸಂಘದ ಗೆಳತಿಯರಿಬ್ಬರು ಒಂದೇ ಕ್ಯಾಬಿನ್ ಹಿಡಿಯುವುದು ಜಾಣತನ. ಅದೇ ಕ್ಯಾಬಿನ್‌ನಲ್ಲಿ ಮಲಗುವ ಮೂರನೆಯ, ನಾಲ್ಕನೆಯವರಿಗೆ ದರ ಕಡಿಮೆ. ಆದರೆ ಅವರ ಮಂಚ ಮೇಲಿನಿಂದ ಇಳಿಯುವಂಥದು, ಏಣಿ ಹತ್ತಬೇಕು. ಉಳಿತಾಯಕ್ಕೆಂದು ಅಜ್ಜನನ್ನು ಮೊಮ್ಮಕ್ಕಳ ಕ್ಯಾಬಿನ್‌ಗೆ ಸೇರಿಸುವವರು ಕೆಳಗಿನ ಮಂಚ ಯಾರಿಗೆ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಲಿ. ಕುಡಿಯದವರಿಗೆ ಇನ್ನೊಂದು ಮಾತು: ರಾಯಲ್ ಕೆರಿಬಿಯನ್‌ನಲ್ಲಿ ಕ್ಯಾಬಿನ್ನಿನ ಒಬ್ಬ ವಯಸ್ಕ ಮದ್ಯದ ಪ್ಯಾಕೇಜ್ ಕೊಂಡರೆ ಉಳಿದ ವಯಸ್ಕರೂ ಕೊಳ್ಳಬೇಕೆಂಬ ನಿಯಮವಿದೆ. ಮಗನ ಬಿಯರ್ ಅಪ್ಪನ ಜೇಬಿಗೂ ಬರಬಹುದು.

ಮನೆಯಿಂದ ಬಂದರಿಗೆ

ಚೆನ್ನೈ ಹಡಗಿಗೆ ಹೊರಡುವವರಿಗೆ ಪೂರ್ವ ಬೆಂಗಳೂರು ಅನುಕೂಲದ ಜಾಗ. ಲಾಲ್‌ಬಾಗ್, ಬೃಂದಾವನ ಎಕ್ಸ್‌ಪ್ರೆಸ್‌ಗಳು ಕಂಟೋನ್ಮೆಂಟ್, ಕೆ.ಆರ್. ಪುರಂ ಎರಡರಲ್ಲೂ ನಿಲ್ಲುವ ರೈಲುಗಳು. ಕಂಟೋನ್ಮೆಂಟ್ ನಿಲ್ದಾಣದ ಮರುನಿರ್ಮಾಣದ ಕೆಲಸದಿಂದ ಕೆಲವು ರೈಲಿನ ನಿಲುಗಡೆ ಆಗಾಗ ಬದಲಾಗಿದ್ದುಂಟು, ಹೊರಡುವ ವಾರ ಮತ್ತೊಮ್ಮೆ ನೋಡಿ. ಚೆನ್ನೈ ಸೆಂಟ್ರಲ್‌ನಿಂದ ಬಂದರಿಗೆ ಆಟೊ ಸಾಕು. ಆದರೂ ಹಿರಿಯರಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ವಾಪಸಿಲ್ಲ.

ಮುಂಬೈ-ಗೋವಾದಂಥ ದೇಶದೊಳಗಿನ ಯಾನಕ್ಕೆ ಸರ್ಕಾರಿ ಗುರುತಿನ ಚೀಟಿ ನಡೆಯುತ್ತದೆ. ಶ್ರೀಲಂಕಾ, ಸಿಂಗಪುರಕ್ಕೆ ಪಾಸ್‌ಪೋರ್ಟ್ ಬೇಕು, ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಮಾರತ್‌ಹಳ್ಳಿ ಹೊರವರ್ತುಲ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಈ ಕಡೆಯವರಿಗೆ ಹತ್ತಿರ. ಹೊಸ ಪಾಸ್‌ಪೋರ್ಟ್‌ಗೆ ಅರುವತ್ತು ದಾಟಿದವರಿಗೂ ಎಂಟು ತುಂಬದ ಮಕ್ಕಳಿಗೂ ಶುಲ್ಕದಲ್ಲಿ ಶೇ 10 ರಿಯಾಯಿತಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. ಅಪ್ಪ-ಅಮ್ಮ ತಮ್ಮದರ ತಾರೀಖು ನೋಡಿಕೊಂಡು ಮಗುವಿನದನ್ನು ಮರೆಯುವುದೇ ಹೆಚ್ಚು. ಸಿಂಗಪುರದಿಂದ ಮಲೇಷ್ಯಾ ಮುಟ್ಟಿ ಮರಳುವ ಯಾನದಲ್ಲಿ ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸುತ್ತೀರಿ, ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಇದೆಯೇ ನೋಡಿ.

ಏಜೆಂಟ್‌ಗೆ ಫೋನ್ ಮಾಡಿದಾಗ “ಯಾವ ಕ್ರೂಸ್ ಚೆನ್ನಾಗಿದೆ?” ಎಂದರೆ ಅವರು ತಮಗೆ ಹೆಚ್ಚು ಕಮಿಷನ್ ಬರುವುದನ್ನು ಹೇಳಲೂಬಹುದು. ಬದಲಿಗೆ ಹೀಗೆ ಕೇಳಿ: ಎಷ್ಟು ರಾತ್ರಿ, ಯಾವ ವಾರ ಹೊರಡುತ್ತದೆ, ಆ ದಿನಗಳಲ್ಲಿ ಯಾವುದಾದರೂ ಕಂಪನಿ ಅಥವಾ ಮದುವೆ ಗುಂಪು ಹಡಗಿನ ದೊಡ್ಡ ಪಾಲು ಹಿಡಿದಿದೆಯೇ, ಯಾವ ಬಂದರಿನಲ್ಲಿ ದೋಣಿಯಲ್ಲಿ ಇಳಿಯಬೇಕು. ಗುಂಪಿನ ಪ್ರಶ್ನೆಗೆ ಉತ್ತರ ತಡವಾಗಿ ಬಂದರೂ ಬಿಡದೆ ಪಡೆಯಿರಿ. ಮುನ್ನೂರು ಜನರ ಸೇಲ್ಸ್ ಸಮಾವೇಶವೊಂದು ಇದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗು.

ಟಿಕೆಟ್ ಬಂದ ಮೇಲೆ ಹೆಸರು ಓದಿ. ನಮ್ಮ ಹಿರಿಯರ ಹೆಸರಿನ ಹಿಂದಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಊರಿನ, ತಂದೆಯ ಪೂರ್ಣ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಟಿಕೆಟ್‌ನಲ್ಲಿ ಮಾತ್ರ ಎರಡಕ್ಷರವಾಗಿಯೇ ಉಳಿದಿರುತ್ತದೆ. ಅದನ್ನು ಬುಕ್ ಮಾಡಿದ ಒಂದೆರಡು ದಿನದಲ್ಲೇ ಸರಿಪಡಿಸಿಕೊಳ್ಳಿ; ಹೊರಡುವ ದಿನ ಹತ್ತಿರವಾದಷ್ಟೂ ಅದಕ್ಕೆ ದಂಡ ಹೆಚ್ಚು.